ಚಾಂಡ್ಲರೋ ಕ್ವೀನ್ ಕ್ರೀಕೋ: ಅರಿಜೋನಾದ ಮರುಭೂಮಿ ಉಪನಗರದಲ್ಲಿ ಸಂಸಾರ ಹೂಡುವವರಿಗೆ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಅರಿಜೋನಾ ರಾಜ್ಯದ ಚಾಂಡ್ಲರ್ ನಗರದ ದಕ್ಷಿಣಕ್ಕಿರುವ ಚಿಪ್ ಕಾರ್ಖಾನೆಯಲ್ಲಿ ನಿಮಗೆ ಕೆಲಸ ಸಿಕ್ಕಿದೆ; ಬೆಂಗಳೂರಿನಿಂದ ಪತ್ನಿ ಮತ್ತು ಏಳು ವರ್ಷದ ಮಗಳೊಡನೆ ಬರುತ್ತಿದ್ದೀರಿ; ತಂದೆತಾಯಿ ವರ್ಷಕ್ಕೆ ಕೆಲವು ತಿಂಗಳು ಬಂದಿರುವವರಿದ್ದಾರೆ. ಚಾಂಡ್ಲರ್‌ನಲ್ಲೇ ಬಾಡಿಗೆ ಮನೆ ಹಿಡಿಯಬೇಕೇ ಅಥವಾ ಇನ್ನೂ ಆಗ್ನೇಯಕ್ಕೆ, ಹೊಸ ಬಡಾವಣೆಗಳು ಏಳುತ್ತಿರುವ ಕ್ವೀನ್ ಕ್ರೀಕ್‌ನಲ್ಲಿ ಅದೇ ಹಣಕ್ಕೆ ದೊಡ್ಡ ಮನೆ ನೋಡಬೇಕೇ, ಖರ್ಚು ಹೇಗೆ, ಊರು ಸುರಕ್ಷಿತವೇ ಎಂದು ಕೇಳಿದ್ದೀರಿ. ನಾನು ದಕ್ಷಿಣ ಚಾಂಡ್ಲರ್‌ನಲ್ಲಿ ಸಂಸಾರ ಸಮೇತ ವಾಸವಾಗಿದ್ದೇನೆ, ನನ್ನ ತಂಗಿಯ ಮನೆ ಕ್ವೀನ್ ಕ್ರೀಕ್‌ನಲ್ಲಿದೆ. ಹಾಗಾಗಿ ಎರಡೂ ಊರುಗಳ ದಿನಚರಿ ನನಗೆ ಗೊತ್ತು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಮೊದಲ ಎರಡು ವರ್ಷ ಚಾಂಡ್ಲರ್‌ನಲ್ಲೇ, ಕೆಲಸದ ಸ್ಥಳಕ್ಕೂ ಮಗಳ ಶಾಲೆಗೂ ಹತ್ತಿರವಿರುವ ಚಿಕ್ಕ ಮನೆಯಲ್ಲಿ ಇರಿ. ಇಲ್ಲಿ ಸಂಸಾರದ ಲೆಕ್ಕವನ್ನು ನಿರ್ಧರಿಸುವುದು ಬಾಡಿಗೆಗಿಂತ ಹೆಚ್ಚಾಗಿ ಬೇಸಿಗೆ ಮತ್ತು ದೂರ. ದೂರದ ಮನೆಯಲ್ಲಿ ಉಳಿಸಿದ ಹಣವನ್ನು ಈ ಎರಡೂ ಸೇರಿ ಸದ್ದಿಲ್ಲದೆ ವಸೂಲಿ ಮಾಡಿಕೊಳ್ಳುತ್ತವೆ.

ಊರುಗಳ ಸ್ವರೂಪ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಚಾಂಡ್ಲರ್‌ನಲ್ಲಿ 1990ರ ಜನಗಣತಿಯ ವೇಳೆಗೆ ಸುಮಾರು 90 ಸಾವಿರ ಜನರಿದ್ದರು. 2020ರಲ್ಲಿ ಆ ಸಂಖ್ಯೆ 2,75,987ಕ್ಕೆ ಮುಟ್ಟಿತ್ತು. ಈಗ ಅಲ್ಲಿ ಖಾಲಿ ನೆಲ ಹೆಚ್ಚೇನೂ ಉಳಿದಿಲ್ಲ, ರಸ್ತೆ, ಶಾಲೆ, ಆಸ್ಪತ್ರೆ, ಅಂಗಡಿಗಳೆಲ್ಲ ನೆಲೆಗೊಂಡಿವೆ. ಕ್ವೀನ್ ಕ್ರೀಕ್ 2010ರಲ್ಲಿ 26,361 ಜನರ ಊರಾಗಿದ್ದದ್ದು 2020ಕ್ಕೆ 59,519 ಆಯಿತು, ಇನ್ನೂ ಬೆಳೆಯುತ್ತಲೇ ಇದೆ. ಹೊಲಗಳಿದ್ದ ಜಾಗದಲ್ಲಿ ಮನೆಗಳು ಮೊದಲು ಬರುತ್ತವೆ. ಅಗಲವಾದ ರಸ್ತೆ, ವೈದ್ಯರು, ಹೋಟೆಲುಗಳು ನಿಧಾನವಾಗಿ ಹಿಂದಿನಿಂದ ಬರುತ್ತವೆ. ಬೆಂಗಳೂರಿನ ಹೊರವಲಯದಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬೇಸಿಗೆ. ಕಲಬುರಗಿ, ರಾಯಚೂರುಗಳ ಬಿಸಿಲು ಕಂಡವರೂ ಇಲ್ಲಿಯ ಬೇಸಿಗೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಇಲ್ಲಿ ರಾತ್ರಿಯೂ ಬಿಡುವು ಕೊಡುವುದಿಲ್ಲ. 2023ರಲ್ಲಿ ನಮ್ಮ ಪಕ್ಕದ ಮಹಾನಗರ ಫೀನಿಕ್ಸ್‌ನ ಗರಿಷ್ಠ ಉಷ್ಣಾಂಶ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ಮೀರಿತು. ಅದೇ ಜುಲೈನಲ್ಲಿ ಸತತ 16 ದಿನ ಕನಿಷ್ಠ ಉಷ್ಣಾಂಶವೂ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ. ಆ ವರ್ಷ ಫೀನಿಕ್ಸ್, ಚಾಂಡ್ಲರ್‌ಗಳು ಸೇರಿರುವ ಮ್ಯಾರಿಕೋಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) 645 ಸಾವುಗಳಿಗೆ ಬಿಸಿಲು ಕಾರಣ ಅಥವಾ ಪೂರಕ ಕಾರಣ ಎಂದು ಕೌಂಟಿಯ ಆರೋಗ್ಯ ಇಲಾಖೆ ದಾಖಲಿಸಿತು. ಬಹಳ ಮಂದಿ ಬಯಲಿನಲ್ಲಿ ಸತ್ತವರಾದರೂ, ಎ.ಸಿ. ಕೆಟ್ಟಿದ್ದ, ಆರಿಸಿದ್ದ ಅಥವಾ ಇಲ್ಲವೇ ಇಲ್ಲದ ಮನೆಗಳೊಳಗೆ ಸತ್ತವರೂ ಅದರಲ್ಲಿದ್ದಾರೆ. ಆದ್ದರಿಂದ ಮನೆ ನೋಡಲು ಹೋದಾಗ ಅಡುಗೆಮನೆಯ ಕಲ್ಲಿನ ಹೊಳಪಿಗಿಂತ ಮೊದಲು ಎ.ಸಿ. ಯಂತ್ರ ಎಷ್ಟು ವರ್ಷ ಹಳೆಯದು, ಕೊನೆಯ ಬಾರಿ ಯಾವಾಗ ದುರಸ್ತಿಯಾಯಿತು, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಜನ ಕಳುಹಿಸುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿಗಳಿರುವ ಮನೆ ಚಿತ್ರದಲ್ಲಿ ಚೆಂದ. ಜುಲೈ ಸಂಜೆ ಅದರೊಳಗೆ ಕುಳಿತವರಿಗೆ ಮಾತ್ರ ಅದರ ಬೆಲೆ ಗೊತ್ತು.

ವಿದ್ಯುತ್ತಿನ ಖರ್ಚು ಇದರಿಂದಲೇ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಜುಲೈ, ಆಗಸ್ಟ್ ತಿಂಗಳ ಬಿಲ್ಲು ಚಳಿಗಾಲದ ಬಿಲ್ಲಿನ ಮೂರರಷ್ಟು ಬರುತ್ತದೆ; ಮಧ್ಯಮ ಗಾತ್ರದ ಸ್ವತಂತ್ರ ಮನೆಗೆ ಆ ತಿಂಗಳುಗಳಲ್ಲಿ 300 ಡಾಲರಿನ ಆಸುಪಾಸು ಎಂದು ತೆಗೆದಿಡುವುದು ಒಳ್ಳೆಯದು. ಚಾಂಡ್ಲರ್ ಮತ್ತು ಕ್ವೀನ್ ಕ್ರೀಕ್‌ನ ಬಹುಭಾಗಕ್ಕೆ ವಿದ್ಯುತ್ ಕೊಡುವುದು ಎಸ್‌ಆರ್‌ಪಿ ಎಂಬ ಸಂಸ್ಥೆ. ಕಂಪನಿಯ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಅದು ವಿಳಾಸದ ಮೇಲೆ ಹೋಗುತ್ತದೆ; ನಿಮಗಿರುವುದು ದರಪಟ್ಟಿಯ ಆಯ್ಕೆ ಮಾತ್ರ. ಹೊತ್ತಿಗೊಂದು ದರವಿರುವ ಪಟ್ಟಿ ಆರಿಸಿಕೊಂಡರೆ ದಿನದ ಕೆಲವು ಗಂಟೆ, ಮುಖ್ಯವಾಗಿ ಸಂಜೆ, ದರ ಏರುತ್ತದೆ. ಅದಕ್ಕೆ ಮುಂಚೆಯೇ ಮನೆಯನ್ನು ಚೆನ್ನಾಗಿ ತಂಪಾಗಿಸಿಟ್ಟು, ದುಬಾರಿ ಹೊತ್ತಿನಲ್ಲಿ ಎ.ಸಿ.ಯನ್ನು ಕೊಂಚ ಸಡಿಲಿಸಿ, ಒಗೆಯುವ ಯಂತ್ರ, ಓವನ್‌ಗಳನ್ನು ರಾತ್ರಿಗೆ ಮುಂದೂಡುವ ಅಭ್ಯಾಸ ಇಲ್ಲಿ ಮನೆಮನೆಯಲ್ಲೂ ಇದೆ. ಆದರೆ ಹಗಲಿಡೀ ವಯಸ್ಸಾದವರು ಮನೆಯಲ್ಲಿರುವ ಸಂಸಾರಕ್ಕೆ ಇದು ಅಷ್ಟಾಗಿ ಒಗ್ಗುವುದಿಲ್ಲ. ನಾಲ್ಕು ಡಾಲರ್ ಉಳಿಸಲು ಹೋಗಿ ಅಪ್ಪ ಅಮ್ಮನನ್ನು ಬೇಯಿಸುವುದು ಬೇಡ.

ದೂರದ ಮಾತಿಗೆ ಬರುತ್ತೇನೆ. ಇಲ್ಲಿಯ ಮುಖ್ಯ ರಸ್ತೆಗಳು ಮೈಲಿಗೊಂದರಂತೆ ಚೌಕಾಕಾರದಲ್ಲಿ ಹಾಯ್ದಿವೆ. ಒಂದೊಂದೂ ನಾಲ್ಕು ಅಥವಾ ಆರು ಪಥದ್ದು, ವಾಹನಗಳು ಗಂಟೆಗೆ ಎಪ್ಪತ್ತು ಕಿಲೋಮೀಟರಿನ ಮೇಲೆ ಓಡುತ್ತವೆ. ಫೀನಿಕ್ಸ್‌ನ ಲಘು ರೈಲು ನೆರೆಯ ಊರುಗಳಾದ ಟೆಂಪಿ, ಮೇಸಾಗಳವರೆಗೆ ಬರುತ್ತದೆಯೇ ಹೊರತು ಚಾಂಡ್ಲರ್‌ಗೂ ಕ್ವೀನ್ ಕ್ರೀಕ್‌ಗೂ ಬರುವುದಿಲ್ಲ. ಚಾಂಡ್ಲರ್‌ನಲ್ಲಿ ಬಸ್ಸುಗಳಿವೆ, ಜೊತೆಗೆ ಚಾಲಕರಿಲ್ಲದ ವೇಮೋ ಟ್ಯಾಕ್ಸಿಗಳು 2020ರಿಂದ ಸಾರ್ವಜನಿಕರಿಗೆ ದೊರೆಯುತ್ತಿವೆ. ಮೊದಮೊದಲು ಸ್ಟಿಯರಿಂಗ್ ತಾನಾಗಿ ತಿರುಗುವುದನ್ನು ಕಂಡು ನನ್ನ ತಾಯಿ ಬೆದರಿದ್ದರು, ಈಗ ಅವರಿಗೆ ಅದೇ ಮೆಚ್ಚು, ಏಕೆಂದರೆ ಚಾಲಕನಿಗೆ ಇಂಗ್ಲಿಷಿನಲ್ಲಿ ದಾರಿ ಹೇಳುವ ಗೊಡವೆಯಿಲ್ಲ. ಕ್ವೀನ್ ಕ್ರೀಕ್‌ನಿಂದ ನಿಮ್ಮ ಕೆಲಸದ ಜಾಗಕ್ಕೆ ಬೆಳಗಿನ ದಟ್ಟಣೆಯಲ್ಲಿ ಮುಕ್ಕಾಲು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ನೀವು ಒಂದು ಕಾರು ತೆಗೆದುಕೊಂಡು ಹೋದರೆ ಮನೆಯಲ್ಲಿ ಉಳಿದವರು ಸಂಜೆಯವರೆಗೆ ಅಲ್ಲೇ. ಹೀಗಾಗಿ ಎರಡನೆಯ ಕಾರು, ಅದರ ವಿಮೆ, ಪೆಟ್ರೋಲು, ಬಿಸಿಲಿಗೆ ಎರಡು ಮೂರು ವರ್ಷದಲ್ಲೇ ಸಾಯುವ ಬ್ಯಾಟರಿ ಎಲ್ಲವೂ ಸೇರಿಕೊಳ್ಳುತ್ತವೆ. ಅಮೆರಿಕದಲ್ಲಿ ವಾಹನ ನಡೆಸಿದ ದಾಖಲೆಯಿಲ್ಲದ ಹೊಸಬರಿಗೆ ವಿಮೆಯ ಕಂತು ಸಾಮಾನ್ಯವಾಗಿ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉಳಿದ ಖರ್ಚುಗಳನ್ನು ಬೇಗ ಹೇಳುತ್ತೇನೆ. ಚಾಂಡ್ಲರ್‌ನಲ್ಲಿ ಎರಡು ಮಲಗುವ ಕೋಣೆಯ ಅಪಾರ್ಟ್‌ಮೆಂಟಿಗೆ ತಿಂಗಳಿಗೆ ಸುಮಾರು 1,700ರಿಂದ 2,100 ಡಾಲರ್, ಮೂರು ಕೋಣೆಯ ಸ್ವತಂತ್ರ ಮನೆಗೆ 2,200ರಿಂದ ಮೇಲಕ್ಕೆ. ಬಾಡಿಗೆಯ ಮೇಲೆ ನಗರಗಳು ಹಾಕುತ್ತಿದ್ದ ತೆರಿಗೆಯನ್ನು ರಾಜ್ಯವು 2025ರ ಜನವರಿ 1ರಿಂದ ತೆಗೆದುಹಾಕಿದೆ. ಕರಾರಿನಲ್ಲಿ ಆ ಸಾಲು ಇನ್ನೂ ಕಂಡರೆ ಪ್ರಶ್ನಿಸಿ. ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಒಂದೇ, ಶೇಕಡಾ 2.5. ಚಾಂಡ್ಲರ್‌ನಲ್ಲಿ ಸಾಮಾನುಗಳ ಮೇಲಿನ ಒಟ್ಟು ಮಾರಾಟ ತೆರಿಗೆ ಶೇಕಡಾ 7.8, ಆದರೆ ಅಡುಗೆ ದಿನಸಿಗೆ ರಾಜ್ಯದ ತೆರಿಗೆಯಿಲ್ಲ. ನಲ್ಲಿ ನೀರು ಗಡುಸು, ಕುಡಿಯಲು ಬಹುತೇಕರು ಆರ್‌ಓ ಹಾಕಿಸಿಕೊಳ್ಳುತ್ತಾರೆ. ಬಡಾವಣೆಗಳಲ್ಲಿ ಎಚ್‌ಓಎ ಎಂಬ ಮನೆ ಮಾಲೀಕರ ಸಂಘ ಇರುತ್ತದೆ. ಅದರ ಮಾಸಿಕ ಶುಲ್ಕ ಮಾಲೀಕರದಾದರೂ, ಅಂಗಳದಲ್ಲಿ ಕಳೆ ಬೆಳೆದಿದೆ, ಕಸದ ತೊಟ್ಟಿ ಹೊರಗೇ ಉಳಿದಿದೆ ಎಂಬ ನೋಟಿಸು ಬಾಡಿಗೆದಾರರ ಪಾಲಿಗೆ ಬರುತ್ತದೆ.

ಸುರಕ್ಷತೆಯ ಬಗ್ಗೆ ನೀವು ಕೇಳಿದ್ದು ಬಹುಶಃ ಕಳ್ಳತನ, ಹಲ್ಲೆಗಳ ದೃಷ್ಟಿಯಿಂದ. ಆ ದೃಷ್ಟಿಯಿಂದ ಈ ಊರುಗಳು ಶಾಂತವಾದವು. ನನ್ನ ಪತ್ನಿ ನಸುಕಿನಲ್ಲಿ ಒಬ್ಬಳೇ ಕಾಲುವೆಯ ದಂಡೆಯ ಮೇಲೆ ವಾಯುವಿಹಾರಕ್ಕೆ ಹೋಗುತ್ತಾಳೆ. ಆದರೆ ಮುಚ್ಚಿಡುವುದು ಸರಿಯಲ್ಲ: 2023ರ ಅಕ್ಟೋಬರ್‌ನಲ್ಲಿ ಕ್ವೀನ್ ಕ್ರೀಕ್‌ನ ಮನೆಯೊಂದರ ಹ್ಯಾಲೋವೀನ್ ಪಾರ್ಟಿಯ ಬಳಿ ಹದಿನಾರು ವರ್ಷದ ಹುಡುಗನೊಬ್ಬ ಇತರ ತರುಣರ ಹೊಡೆತಕ್ಕೆ ಸಿಕ್ಕಿ ಸತ್ತ, ಆ ಬಳಿಕ ಪಕ್ಕದ ಊರು ಗಿಲ್ಬರ್ಟ್ ಸುತ್ತಮುತ್ತಲಿನ ಅನುಕೂಲಸ್ಥ ಮನೆಗಳ ಹುಡುಗರ ಪುಂಡಾಟದ ಹಳೆಯ ಪ್ರಕರಣಗಳೂ ಹೊರಬಂದವು. ನಿಮ್ಮ ಮಗಳು ಚಿಕ್ಕವಳು, ಈ ಚಿಂತೆ ಸದ್ಯಕ್ಕಿಲ್ಲ. ಹದಿಹರೆಯದ ಮಕ್ಕಳಿರುವವರು ಮಾತ್ರ ‘ಒಳ್ಳೆಯ ಏರಿಯಾ’ ಎಂದು ಕಣ್ಣು ಮುಚ್ಚಿ ನಂಬಬಾರದು. ಅರಿಜೋನಾದಲ್ಲಿ 2010ರಿಂದ 21 ವರ್ಷ ತುಂಬಿದವರು ಪರವಾನಗಿಯಿಲ್ಲದೆಯೂ ಬಂದೂಕನ್ನು ಮರೆಮಾಡಿ ಒಯ್ಯಬಹುದು. ರಸ್ತೆಯಲ್ಲಿ ಯಾರಾದರೂ ರೇಗಿದರೆ ಎದುರು ಮಾತಾಡದೆ ಮುಂದೆ ಹೋಗುವುದನ್ನು ನಾವೆಲ್ಲ ರೂಢಿಸಿಕೊಂಡಿದ್ದೇವೆ.

ನನ್ನ ಅಂದಾಜಿನಲ್ಲಿ ಇಲ್ಲಿಯ ನಿಜವಾದ ಅಪಾಯಗಳು ಬೇರೆ. ಮೊದಲನೆಯದು ಹಿತ್ತಲಿನ ಈಜುಕೊಳ: ಆರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಕೊಳದ ಸುತ್ತ ಐದು ಅಡಿ ಎತ್ತರದ ತಡೆ ಇರಬೇಕೆಂದು ರಾಜ್ಯದ ಕಾನೂನಿದೆ. ನಿಮ್ಮ ಮಗಳು ಆ ವಯಸ್ಸು ದಾಟಿದ್ದರೂ ಬೇಲಿಯಿಲ್ಲದ ಮನೆ ಬೇಡ, ಬಂದ ಕೂಡಲೇ ಈಜು ಕಲಿಸಿ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಒಂದು ನಿಮಿಷಕ್ಕೂ ಬಿಡಬೇಡಿ. ಮಧ್ಯಾಹ್ನ ಬರಿಗಾಲಲ್ಲಿ ಡಾಂಬರು ತುಳಿದರೆ ಚರ್ಮ ಸುಡುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಹಬೂಬ್ ಎಂಬ ಧೂಳಿನ ಗೋಡೆ ಎದ್ದು ಬಂದಾಗ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಬ್ರೇಕಿನಿಂದ ಕಾಲು ತೆಗೆಯಬೇಕು, ಏಕೆಂದರೆ ಹಿಂದಿನವರು ನಿಮ್ಮ ಕೆಂಪು ದೀಪವನ್ನೇ ದಾರಿಯೆಂದು ನಂಬಿ ಬಂದು ಗುದ್ದುತ್ತಾರೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ ವ್ಯಾಲಿ ಫೀವರ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ವಾರಗಟ್ಟಲೆ ಕೆಮ್ಮು, ಜ್ವರ, ಆಯಾಸ ಬಿಡದಿದ್ದರೆ ಅದರ ಪರೀಕ್ಷೆ ಮಾಡಿಸಿರೆಂದು ನೀವೇ ವೈದ್ಯರಿಗೆ ನೆನಪಿಸಿ. ನೆಲ ಅಗೆಯುತ್ತಲೇ ಇರುವ ಹೊಸ ಬಡಾವಣೆಗಳಲ್ಲಿ ಧೂಳು ಸಹಜವಾಗಿಯೇ ಹೆಚ್ಚು. ಅಲ್ಲಿ ಚೇಳುಗಳೂ ಹೆಚ್ಚು. ನೇರಳಾತೀತ ಟಾರ್ಚ್ ಬಿಟ್ಟರೆ ಅವು ಹಸಿರಾಗಿ ಹೊಳೆಯುವುದರಿಂದ ರಾತ್ರಿ ಗೋಡೆಗಳ ಬುಡ ನೋಡುವುದು ಸುಲಭ. ಬೂಟನ್ನು ಕೊಡವಿ ಹಾಕಿಕೊಳ್ಳುವುದು ನಮ್ಮ ಮಕ್ಕಳಿಗೆ ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿದೆ.

ದಿನಚರಿ ಬೇಸಿಗೆಗೆ ತಕ್ಕಂತೆ ಬದಲಾಗುತ್ತದೆ: ನಡಿಗೆ ಬೆಳಿಗ್ಗೆ ಐದಕ್ಕೆ, ಆಟದ ಮೈದಾನ ಕತ್ತಲಾದ ಮೇಲೆ, ಮಧ್ಯಾಹ್ನವೆಲ್ಲ ಗ್ರಂಥಾಲಯ ಅಥವಾ ಮಾಲ್. ಚಾಂಡ್ಲರ್ ಶಾಲಾ ಜಿಲ್ಲೆಯಲ್ಲಿ ತರಗತಿಗಳು ಜುಲೈ ಕೊನೆಯ ಭಾಗದಲ್ಲೇ ಶುರುವಾಗುತ್ತವೆ, ಆದ್ದರಿಂದ ಭಾರತಕ್ಕೆ ಹೋಗುವುದಿದ್ದರೆ ಜೂನ್‌ನಲ್ಲಿ ಹೋಗಿ. ಬದಲಿಗೆ ಅಕ್ಟೋಬರ್‌ನಲ್ಲಿ ಎರಡು ವಾರ ರಜೆ ಸಿಗುತ್ತದೆ, ಕೆಲವು ವರ್ಷ ಅದು ದಸರೆಗೇ ಕೂಡಿಬರುತ್ತದೆ. ಅರಿಜೋನಾದ ಬಹುಭಾಗದಲ್ಲಿ ಗಡಿಯಾರವನ್ನು ವರ್ಷಕ್ಕೆರಡು ಸಲ ಹಿಂದೆ ಮುಂದೆ ಮಾಡುವ ಪದ್ಧತಿಯಿಲ್ಲ. ಭಾರತಕ್ಕೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ಅಂತರ. ಟೆಂಪಿಯಲ್ಲಿ ಉಡುಪಿಯ ಪುತ್ತಿಗೆ ಮಠದ ವೆಂಕಟಕೃಷ್ಣ ಕ್ಷೇತ್ರವಿದೆ, ಮ್ಯಾರಿಕೋಪಾ ಊರಿನಲ್ಲಿ ಮಹಾಗಣಪತಿ ದೇವಸ್ಥಾನವಿದೆ, ಅರಿಜೋನಾ ಕನ್ನಡ ಸಂಘ ಯುಗಾದಿ, ರಾಜ್ಯೋತ್ಸವಗಳನ್ನು ನಡೆಸುತ್ತದೆ. ಕರಿಬೇವು, ನುಗ್ಗೆ ಹಿತ್ತಲಲ್ಲಿ ಚೆನ್ನಾಗಿ ಬರುತ್ತವೆ, ಚಳಿಗಾಲದ ಹೆಪ್ಪುಗಟ್ಟುವ ಇಬ್ಬನಿಗೆ ಮಾತ್ರ ಹೊದಿಸಬೇಕು. ಸಂಡಿಗೆ ಒಂದೇ ದಿನದಲ್ಲಿ ಒಣಗುತ್ತದೆ, ಧೂಳು ಏಳದಿದ್ದರೆ.

ಮುಂದೆ ಮನೆ ಕೊಳ್ಳುವ ಯೋಚನೆ ಬಂದಾಗ ನೀರಿನ ವಿಷಯ ವಿಚಾರಿಸಿ. ಹೊಸ ಬಡಾವಣೆಗೆ ನೂರು ವರ್ಷಗಳಿಗೆ ಸಾಕಾಗುವ ನೀರಿದೆ ಎಂದು ತೋರಿಸಬೇಕೆಂಬ ನಿಯಮಕ್ಕೆ 1980ರ ಅಂತರ್ಜಲ ಕಾಯಿದೆ ಮೂಲ. 2023ರ ಜೂನ್‌ನಲ್ಲಿ ರಾಜ್ಯವು, ಫೀನಿಕ್ಸ್ ಪ್ರದೇಶದಲ್ಲಿ ಅಂತರ್ಜಲವನ್ನೇ ನೆಚ್ಚಿದ ಹೊಸ ಬಡಾವಣೆಗಳಿಗೆ ಇನ್ನು ಅಂಥ ಪ್ರಮಾಣಪತ್ರ ಕೊಡುವುದಿಲ್ಲ ಎಂದಿತು. ಸಾಲ್ಟ್ ಮತ್ತು ವರ್ಡಿ ನದಿಗಳ ನೀರಿನಲ್ಲಿ ಹಳೆಯ ಪಾಲಿರುವ ಚಾಂಡ್ಲರ್‌ಗೆ ಈ ಬಿಸಿ ಅಷ್ಟಾಗಿ ತಟ್ಟಲಿಲ್ಲ; ಕ್ವೀನ್ ಕ್ರೀಕ್ ಮಾತ್ರ ಕೊಲೊರಾಡೋ ನದಿಯ ದಂಡೆಯ ಜಮೀನೊಂದರ ನೀರಿನ ಹಕ್ಕನ್ನು ಹಣ ಕೊಟ್ಟು ತಂದುಕೊಂಡಿದೆ.

ಸದ್ಯಕ್ಕೆ ಆರೇಳು ತಿಂಗಳ ಕರಾರು ಸಾಕು. ಸಾಧ್ಯವಾದರೆ ಅಕ್ಟೋಬರ್‌ನಲ್ಲಿ ಬನ್ನಿ, ತಂದೆತಾಯಿಗೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಟಿಕೆಟ್ ಮಾಡಿ, ಪ್ರವಾಸಿಗರ ಆರೋಗ್ಯ ವಿಮೆಯಲ್ಲಿ ಈಗಾಗಲೇ ಇರುವ ಕಾಯಿಲೆಗಳಿಗೆ ಎಷ್ಟು ರಕ್ಷಣೆಯಿದೆ ಎಂದು ಓದಿ ನೋಡಿ ಕೊಳ್ಳಿ. ಮನೆಯ ವಿಳಾಸ ಎರಡು ಮೂರಕ್ಕೆ ಇಳಿದ ಮೇಲೆ ಇಲ್ಲಿಯೇ ಬರೆಯಿರಿ. ಅವುಗಳ ಸುತ್ತಮುತ್ತ ನೆರಳಿದೆಯೇ, ನಡೆದು ಹೋಗುವಷ್ಟು ಹತ್ತಿರದಲ್ಲಿ ಏನಿದೆ ಎಂದು ಹೇಳುತ್ತೇನೆ.