ಪ್ರತಿಕ್ರಿಯೆ: ಟೆಂಪೆಸ್ತಿಯನ್ನು ನೋಡಿ ಕಲಿತರೂ ಲಾಬ್ ಗೋಲು ತಡೆಯಲಾಗುತ್ತಿಲ್ಲ

ವಾಟರ್ ಪೋಲೊ ಗೋಲ್‌ಕೀಪರ್ ಆಗಿ ಟೆಂಪೆಸ್ತಿಯನ್ನು ನೋಡಿ ಕಲಿತರೂ ಲಾಬ್ (ತಲೆಯ ಮೇಲಿಂದ ಕಮಾನಿನಂತೆ ಎತ್ತಿ ಹಾಕುವ ಚೆಂಡು) ತಡೆಯಲಾಗುತ್ತಿಲ್ಲ ಎಂದಿದ್ದೀರಿ. ತೊಂದರೆ ಕೈಯಲ್ಲಲ್ಲ, ಬಹುಶಃ ಕಾಲಲ್ಲಿ. ಎದುರಾಳಿ ಚೆಂಡು ಎತ್ತಿ ಹೊಡೆಯುವಂತೆ ನಟಿಸಿದ ಕೂಡಲೇ ನೀವು ಪೂರ್ತಿ ಮೇಲೆದ್ದುಬಿಡುತ್ತೀರಿ. ಇಳಿಯುವ ಹೊತ್ತಿಗೆ ತಲೆಯ ಮೇಲಿಂದ ಲಾಬ್. 5 ಅಡಿ 8 ಇಂಚಿನವರು ಇಟಲಿಯ ಗೋಲ್‌ಕೀಪರ್ ಸ್ಟೆಫಾನೊ ಟೆಂಪೆಸ್ತಿಯನ್ನು ನಕಲು ಮಾಡಿದರೆ ಹೀಗೇ ಆಗುವುದು. ಐದು ಒಲಿಂಪಿಕ್ಸ್ ಆಡಿದ ದಿಗ್ಗಜ, ಎರಡು ಮಾತಿಲ್ಲ. ಆದರೆ 2.05 ಮೀಟರ್ ಆಳು, ಅರೆಕ್ಷಣ ತಡವಾದರೂ ಆ ತೋಳು ಸರಿದೂಗಿಸುತ್ತೆ.

ನೀವು ಅಮೆರಿಕದ ಮಹಿಳಾ ತಂಡದ ಗೋಲ್‌ಕೀಪರ್ ಆಶ್ಲಿ ಜಾನ್ಸನ್ ಆಟ ನೋಡಿ. 2016ರ ರಿಯೊ, ನಂತರ ಟೋಕಿಯೊ, ಎರಡರಲ್ಲೂ ಚಿನ್ನ. ಸ್ಪೇನ್ ವಿರುದ್ಧ 14–5ರಲ್ಲಿ ಗೆದ್ದ ಟೋಕಿಯೊ ಫೈನಲ್‌ನಿಂದ ಶುರುಮಾಡಿ. ಚೆಂಡನ್ನು ಹಿಂಬಾಲಿಸಬೇಡಿ (ಕಷ್ಟ, ಗೊತ್ತು), ಅವರ ಭುಜ, ಸೊಂಟ ಮಾತ್ರ ಗಮನಿಸಿ. ಆಮೇಲೆ 2012ರ ಲಂಡನ್ ಫೈನಲ್: ಒಂದು ತುದಿಯಲ್ಲಿ ಟೆಂಪೆಸ್ತಿ, ಇನ್ನೊಂದರಲ್ಲಿ ಕ್ರೊವೇಷಿಯಾದ ಯೋಸಿಪ್ ಪಾವಿಚ್. 8–6ರಲ್ಲಿ ಗೆದ್ದದ್ದು ಪಾವಿಚ್ ತಂಡ.

ಕೊಳದಲ್ಲಿ ಮೊದಲು ಎರಡೂ ಕೈ ನೀರಿನಿಂದ ಮೇಲಿಟ್ಟು ಎಗ್‌ಬೀಟರ್ ಕಿಕ್ (ಕಾಲುಗಳನ್ನು ಒಂದಾದ ಮೇಲೊಂದು ಸುತ್ತಿಸುತ್ತಾ ನೀರಲ್ಲಿ ನೆಟ್ಟಗೆ ತೇಲುವುದು), ಭುಜ ಮುಳುಗುವವರೆಗೆ. ಬಳಿಕ ಜೊತೆಗಾರರಿಂದ ಬರೀ ನಟನೆ ಮಾಡಿಸಿ. ಚೆಂಡು ಅವರ ಕೈ ಬಿಡುವ ತನಕ ಜಿಗಿಯಬೇಡಿ. ಕೊನೆಗೆ ನಿಜವಾದ ಲಾಬ್. ಹಿಂದಕ್ಕೆ ವಾಲದೆ, ದೂರದ ಕಂಬದ ಕಡೆಗೆ ಅಡ್ಡಲಾಗಿ ಒದ್ದು ಹೋಗಿ.

ಇಷ್ಟಾದರೂ ಗೋಲು ಬಿದ್ದರೆ ನೀವು ಗೋಲು ಗೆರೆಯಿಂದ ತೀರಾ ಮುಂದೆ ಇರಬಹುದು. ವಿಡಿಯೊ ನೋಡದೆ ಖಚಿತವಾಗಿ ಹೇಳಲಾರೆ. ಪಕ್ಕದಿಂದ ಒಂದು ತೆಗೆಸಿ ಇಲ್ಲಿ ಹಾಕಿ.