ಮನೆಯ ಮಾತು: ನೆಲಮಾಳಿಗೆಯ ನೀರಿಗೆ ಯಾವ ಪೈಪು, ಯಾವ ದಾರಿ?

ಪ್ರಶ್ನೆ: ಶಿಕಾಗೊ ನಗರದ ಹೊರವಲಯದಲ್ಲಿ 1950ರ ದಶಕದ ಮನೆಯೊಂದನ್ನು ಹೋದ ವರ್ಷ ಕೊಂಡೆವು. ನೆಲಮಾಳಿಗೆಯ ಮೂಲೆಯಲ್ಲಿ ಸಂಪ್ ಗುಂಡಿಯೂ ಅದರೊಳಗೊಂದು ಪಂಪೂ ಇವೆ. ಪಂಪಿನಿಂದ ಹೊರಟ ತುಕ್ಕು ಹಿಡಿದ ಕಬ್ಬಿಣದ ಪೈಪು ಪಕ್ಕದ ಬಟ್ಟೆ ಒಗೆಯುವ ತೊಟ್ಟಿಗೆ ನೀರು ಸುರಿಯುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಪಂಪು ಕೆಲವೇ ನಿಮಿಷಗಳಿಗೊಮ್ಮೆ ಓಡುತ್ತದೆ. ಪರಿಚಯದವರೊಬ್ಬರು ಒಂದೂಕಾಲು ಇಂಚಿನ ಕಪ್ಪು ಸುಕ್ಕುಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟರೆ ಸಾಕೆನ್ನುತ್ತಾರೆ. ಸರಿಯಾದ ಕ್ರಮ ಯಾವುದು?

ಉತ್ತರ: ಕರ್ನಾಟಕದ ಕಡೆ ಸಂಪು ಎಂದರೆ ಕುಡಿಯುವ ನೀರನ್ನು ಕೂಡಿಡುವ ತೊಟ್ಟಿ, ಅಮೆರಿಕದಲ್ಲಿ ಅದು ಅಡಿಪಾಯದ ಸುತ್ತ ಇಳಿದ ನೀರನ್ನು ಹೊರಹಾಕಲು ಮಾಡಿದ ಗುಂಡಿ. ಅಲ್ಲಿಂದ ಎತ್ತಿದ ನೀರು ಮತ್ತೆ ಅಲ್ಲಿಗೇ ಬಾರದ ಜಾಗ ಯಾವುದೆಂದು ಮೊದಲು ನಿಶ್ಚಯಿಸಿ, ಆ ಜಾಗದಿಂದ ಹಿಂದಕ್ಕೆ ಗುಂಡಿಯವರೆಗೆ ಪೈಪಿನ ದಾರಿಯನ್ನು ಗುರುತಿಸುತ್ತ ಬನ್ನಿ. ಹೆಚ್ಚಿನವರು ಪಂಪಿನಿಂದ ಆರಂಭಿಸಿ, ಪೈಪು ಮುಗಿದಲ್ಲಿ ನೀರನ್ನು ಬಿಟ್ಟುಬಿಡುತ್ತಾರೆ. ತೊಂದರೆ ಹುಟ್ಟುವುದೇ ಅಲ್ಲಿಂದ.

ಒಗೆಯುವ ತೊಟ್ಟಿಯ ಜೋಡಣೆಯನ್ನು ಮೊದಲು ತೆಗೆಯಬೇಕು. ಆ ತೊಟ್ಟಿಯ ನೀರು ಸೇರುವುದು ಒಳಚರಂಡಿಯನ್ನು. ಮಳೆಯ ಮತ್ತು ನೆಲದ ನೀರನ್ನು ಅದಕ್ಕೆ ಬಿಡುವುದನ್ನು ಅಮೆರಿಕದ ಬಹುತೇಕ ಊರುಗಳು ನಿಷೇಧಿಸಿವೆ. ದೊಡ್ಡ ಮಳೆಯ ದಿನ ಎಲ್ಲ ಮನೆಗಳ ಪಂಪುಗಳೂ ಒಮ್ಮೆಗೇ ಅದರೊಳಕ್ಕೆ ನೀರು ತಳ್ಳಿದರೆ ಚರಂಡಿ ತುಂಬಿ, ಕೊಳಕು ನೀರು ನೆಲಮಾಳಿಗೆಯ ನೆಲದ ಜಾಲರಿಯಿಂದಲೇ ಮೇಲೆ ಉಕ್ಕುತ್ತದೆ. ಅದು ನಿಮ್ಮ ಮನೆಯಲ್ಲೂ ಆಗಬಹುದು, ನೆರೆಯವರ ಮನೆಯಲ್ಲೂ ಆಗಬಹುದು. ಕೆಲಸ ಆರಂಭಿಸುವ ಮುನ್ನ ನಿಮ್ಮ ಊರಿನ ಕಟ್ಟಡ ವಿಭಾಗವನ್ನು ಕೇಳಿ, ಯಾವ ಪೈಪಿಗೆ ಒಪ್ಪಿಗೆಯಿದೆ, ನೀರನ್ನು ಎಲ್ಲಿ ಬಿಡಬಹುದು, ಪರವಾನಗಿ ಬೇಕೇ ಎಂಬುದನ್ನು ತಿಳಿದುಕೊಳ್ಳಿ.

ಹೊರಗಿನ ತುದಿ ಗೋಡೆಯಿಂದ ಕನಿಷ್ಠ 10 ಅಡಿ ದೂರದಲ್ಲಿ, ಮನೆಯಿಂದ ಆಚೆಗೆ ಇಳಿಜಾರಾಗಿರುವ ನೆಲದಲ್ಲಿ ಇರಲಿ. ಮನೆ ಕಟ್ಟುವಾಗ ಅಗೆದು ಮತ್ತೆ ತುಂಬಿದ ಗೋಡೆಪಕ್ಕದ ಮಣ್ಣು ಎಷ್ಟು ವರ್ಷ ಕಳೆದರೂ ಸುತ್ತಲಿನ ಮಣ್ಣಿಗಿಂತ ಸಡಿಲವಾಗಿಯೇ ಇರುತ್ತದೆ. ಕಿಟಕಿಯ ಕೆಳಗೆ ಸುರಿದ ನೀರು ಅದರ ಮೂಲಕ ಅಡಿಪಾಯಕ್ಕೆ ಇಳಿದು ಮರಳಿ ಗುಂಡಿಗೇ ಬರುತ್ತದೆ. ನಿಮ್ಮ ಪಂಪು ಅದೇ ನೀರನ್ನು ಇಡೀ ರಾತ್ರಿ ಎತ್ತುತ್ತಿರುತ್ತದೆ. ನೆರೆಯವರ ಅಂಗಳದ ಕಡೆಗಾಗಲಿ, ಜನ ನಡೆಯುವ ಕಾಲುದಾರಿಯ ಮೇಲಕ್ಕಾಗಲಿ ನೀರು ಹರಿಯಕೂಡದು. ಚಳಿಗಾಲದಲ್ಲಿ ಅದು ಗಾಜಿನಂಥ ಮಂಜುಗಡ್ಡೆಯಾಗಿ ಯಾರಾದರೂ ಜಾರಿ ಬೀಳುತ್ತಾರೆ.

ಪೈಪಿನ ಆಯ್ಕೆಯಲ್ಲಿ ನನಗೆ ಸಂದೇಹವಿಲ್ಲ: ಷೆಡ್ಯೂಲ್ 40 ದರ್ಜೆಯ (ಪೈಪಿನ ಗೋಡೆಯ ದಪ್ಪವನ್ನು ಸೂಚಿಸುವ ದರ್ಜೆ) ಬಿಳಿ ಪಿವಿಸಿ ಪೈಪು. ಮನೆಗಳಲ್ಲಿ ಬಳಸುವ ಸಾಮಾನ್ಯ ಸಂಪ್ ಪಂಪುಗಳ ಬಾಯಿ ಒಂದೂವರೆ ಇಂಚಿನದು. ಪೈಪು ಅದಕ್ಕಿಂತ ಸಣ್ಣದಾಗಕೂಡದು. ಅಷ್ಟೇ ನೀರನ್ನು ಒಂದೂಕಾಲು ಇಂಚಿನ ಪೈಪಿನಲ್ಲಿ ತಳ್ಳಿದರೆ ಒಳಗಿನ ಘರ್ಷಣೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎರಡು ಇಂಚಿನ ಪೈಪಿನಲ್ಲಾದರೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ನಿಮ್ಮ ದಾರಿ ಚಿಕ್ಕದಾಗಿದ್ದರೆ ಒಂದೂವರೆ ಇಂಚು ಸಾಕು. ನೆಲಮಾಳಿಗೆಯ ಉದ್ದಕ್ಕೂ ಸಾಗಿ ಎದುರು ಗೋಡೆಯಿಂದ ಹೊರಬೀಳಬೇಕಾದರೆ ಎರಡು ಇಂಚು ಒಳ್ಳೆಯದು. ಕಪ್ಪು ಸುಕ್ಕುಪೈಪನ್ನು ಮಾತ್ರ ಬೇಡವೆನ್ನುತ್ತೇನೆ. ಅದರ ಒಳಮೈಯ ಒಂದೊಂದು ಸುಕ್ಕೂ ನೀರಿನ ವೇಗವನ್ನು ಕುಂದಿಸುತ್ತದೆ, ಪೈಪು ಜೋತುಬಿದ್ದ ಕಡೆಯಲ್ಲೆಲ್ಲ ನೀರು ನಿಲ್ಲುತ್ತದೆ, ನಿಂತ ನೀರು ಜನವರಿಯಲ್ಲಿ ಗಟ್ಟಿಯಾಗುತ್ತದೆ. ಹಳೆಯ ಕಬ್ಬಿಣದ ಪೈಪನ್ನು ಉಳಿಸಿಕೊಳ್ಳುವ ಆಸೆಯೂ ಬೇಡ. ಕತ್ತರಿಸಿ ತೆಗೆದ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ತುಕ್ಕು ಪದರ ಪದರವಾಗಿ ಬೆಳೆದು, ಅದರ ನಡುವೆ ಬೆರಳು ತೂರುವಷ್ಟೇ ದಾರಿ ಉಳಿದಿದ್ದರೂ ಆಶ್ಚರ್ಯವಿಲ್ಲ.

ಗುಂಡಿಯಿಂದ ನೇರವಾಗಿ ಮೇಲೇರಿಸಿ, ತೊಲೆಗಳ ಕೆಳಗೆ ಸಾಗಿಸಿ, ಅಡಿಪಾಯದ ಮೇಲೆ ಕೂತಿರುವ ಅಂಚಿನ ಮರದ ಹಲಗೆಯನ್ನು ಕೊರೆದು ಪೈಪನ್ನು ಹೊರಕ್ಕೆ ಒಯ್ಯಿರಿ. ಕಾಂಕ್ರೀಟಿನ ಗೋಡೆಯನ್ನು ಕೊರೆದರೆ ನೀರು ಒಳಬರಲು ಇನ್ನೊಂದು ದಾರಿಯನ್ನು ನೀವೇ ಮಾಡಿಕೊಟ್ಟಂತೆ. ಕೊರೆಯುವ ಮುನ್ನ ಆ ಜಾಗದಲ್ಲಿ ವಿದ್ಯುತ್ ತಂತಿ ಅಥವಾ ಗ್ಯಾಸಿನ ಪೈಪು ಇಲ್ಲವೆಂಬುದನ್ನು ಒಳಗೂ ಹೊರಗೂ ನೋಡಿಕೊಳ್ಳಿ. ದಾರಿ ಸುಲಭವಾಗಲಿ ಎಂದು ತೊಲೆಗಳನ್ನು ಕಚ್ಚುಹಾಕಿ ಕತ್ತರಿಸಬೇಡಿ. ಪೈಪಿಗೆ ನಾಲ್ಕು ಅಡಿಗೊಂದರಂತೆ ಕ್ಲ್ಯಾಂಪ್ ಇರಲಿ. ಜಾಗವಿದ್ದಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡನ್ನು ಹಾಕಿದರೆ ನೀರು ಸರಾಗವಾಗಿ ತಿರುಗುತ್ತದೆ. ಅಂಟಿಸುವಾಗ, ಅಂಟಿಗೆ (ಸೊಲ್ಯೂಷನ್‌ಗೆ) ಮೊದಲು ಹಚ್ಚುವ ನೇರಳೆ ಬಣ್ಣದ ಪ್ರೈಮರನ್ನು ಬಿಡಬೇಡಿ. ಮೇಲೆ ಕಾಣುವ ಕಲೆ ಅಂದವಲ್ಲ, ಆದರೆ ಪ್ರೈಮರ್ ಹಚ್ಚಿದ ಸಂದಿನ ಬಿಗಿ ಬರಿಯ ಸೊಲ್ಯೂಷನ್ ಹಚ್ಚಿದ ಸಂದಿಗೆ ಬರುವುದಿಲ್ಲ.

ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದೂವರೆ ಇಂಚಿನ ಪೈಪು ಅಡಿಗೆ ಸುಮಾರು 0.4 ಲೀಟರ್ ನೀರು ಹಿಡಿಯುತ್ತದೆ. ಗುಂಡಿಯ ಕಡೆಗೆ ಇಳಿಜಾರಾಗಿರುವ 30 ಅಡಿ ಪೈಪಿನಿಂದ, ವಾಲ್ವ್ ಇಲ್ಲದಿದ್ದರೆ, ಪಂಪು ನಿಂತೊಡನೆ 12 ಲೀಟರ್ ಹಿಂದಕ್ಕೆ ಬೀಳುತ್ತದೆ. ನಿಮ್ಮ ಗುಂಡಿಯ ಅಗಲ 18 ಇಂಚು ಇದ್ದರೆ ಅದು ಹತ್ತಿರ ಹತ್ತಿರ ಮೂರು ಇಂಚು ಏರಿಕೆ. ನಿಮ್ಮ ಪಂಪು ಪದೇ ಪದೇ ಓಡುವುದಕ್ಕೆ ವಾಲ್ವ್ ಇಲ್ಲದಿರುವುದು ಅಥವಾ ಕೆಟ್ಟಿರುವುದೂ ಒಂದು ಕಾರಣವಿರಬಹುದು. ವಾಲ್ವನ್ನು ಗುಂಡಿಯ ಮುಚ್ಚಳದ ಮೇಲೆ, ಕೈಗೆ ಎಟಕುವಂತೆ, ಬಾಣದ ಗುರುತು ಮೇಲ್ಮುಖವಾಗಿರುವಂತೆ, ರಬ್ಬರ್ ಕಪ್ಲಿಂಗಿನಿಂದ ಕೂಡಿಸಿ. ಮುಂದೆ ಪಂಪನ್ನು ತೆಗೆಯಬೇಕಾದಾಗ ಪೈಪು ಕೊಯ್ಯಬೇಕಾಗುವುದಿಲ್ಲ. ವಾಲ್ವ್ ಮುಚ್ಚುವಾಗ ಕೇಳುವ ದಡ್ ಎಂಬ ಸದ್ದು ಮಲಗುವ ಕೋಣೆಯವರೆಗೂ ಬರುತ್ತಿದ್ದರೆ ಸ್ಪ್ರಿಂಗ್ ಇರುವ ವಾಲ್ವನ್ನು ಕೊಳ್ಳಿ. ಪಂಪಿಗೂ ವಾಲ್ವಿಗೂ ನಡುವೆ, ಮುಚ್ಚಳದ ಕೆಳಗೆ, ಪೈಪಿಗೆ ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಸಣ್ಣ ರಂಧ್ರ ಕೊರೆಯಿರಿ. ಪಂಪಿನಲ್ಲಿ ಸಿಕ್ಕ ಗಾಳಿ ಅದರಿಂದ ಹೊರಹೋಗುತ್ತದೆ. ರಂಧ್ರ ಇಲ್ಲದಿದ್ದರೆ ಪಂಪು ತಿರುಗುತ್ತಿದ್ದರೂ ನೀರು ಏಳದಿರಬಹುದು. ಕೆಲವು ಪಂಪುಗಳಲ್ಲಿ ಇದು ಮೊದಲೇ ಇರುತ್ತದೆ, ಕೈಪಿಡಿಯನ್ನು ನೋಡಿ. ಓಡುವಾಗ ಅದರಿಂದ ನೀರು ಚಿಮ್ಮುವುದು ಸಹಜ. ಅದು ಗುಂಡಿಯೊಳಕ್ಕೇ ಬೀಳುವಂತೆ ಓರೆಯಾಗಿ ಕೊರೆದರಾಯಿತು.

ಇನ್ನು ಚಳಿಗಾಲ. ನನ್ನ ಮನೆಯಲ್ಲೇ ಒಂದು ಜನವರಿ ರಾತ್ರಿ ಪಂಪಿನ ಗುಂಯ್ ಸದ್ದು ನಿಲ್ಲದೆ ಬರುತ್ತಿತ್ತು. ಕೆಳಗಿಳಿದು ಪೈಪನ್ನು ಮುಟ್ಟಿದರೆ ಅದು ನಡುಗುತ್ತಿತ್ತು. ಹೊರಗೆ ಹೋಗಿ ನೋಡಿದರೆ ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ. ಬೇಸಗೆಯಲ್ಲಿ ಸಿಕ್ಕಿಸಿದ್ದ ಮೆದುಪೈಪನ್ನು ತೆಗೆಯಲು ನಾನು ಮರೆತಿದ್ದೆ, ಅದು ತುದಿಯಿಂದ ಬುಡದವರೆಗೆ ಹೆಪ್ಪುಗಟ್ಟಿತ್ತು. ಅಂದಿನಿಂದ ಹೊರಗಿನ ಪೈಪಿಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಟ್ಟು, ಪಂಪು ನಿಂತ ಮೇಲೆ ಅದು ಪೂರ್ತಿ ಬರಿದಾಗುವಂತೆ ಇಟ್ಟಿದ್ದೇನೆ. ಶಿಕಾಗೊದಲ್ಲಿ ಅಡಿಪಾಯವನ್ನು 42 ಇಂಚು ಆಳಕ್ಕೆ ಇಳಿಸುವುದು ನೆಲ ಹೆಪ್ಪುಗಟ್ಟುವುದರಿಂದಲೇ. ಅರ್ಧ ಅಡಿ ಆಳದಲ್ಲಿ ಹೂತ ಪೈಪಿನಲ್ಲಿ ನೀರು ನಿಂತರೆ ಅದಕ್ಕೆ ರಕ್ಷಣೆಯಿಲ್ಲ. ಗೋಡೆಯಿಂದ ಹೊರಬಂದ ಕೂಡಲೇ, ನೆಲದ ಮೇಲೆ, ಜಾಲರಿಬಾಯಿಯ ಜೋಡಣೆಯೊಂದನ್ನು ಹಾಕಿ. ಮುಂದಿನ ಪೈಪು ಮಂಜಿನಿಂದ ಕಟ್ಟಿಕೊಂಡರೂ ನೀರು ಅಲ್ಲಿಂದ ಹೊರಚೆಲ್ಲಿ ಪಂಪು ಉಳಿಯುತ್ತದೆ. ಆ ಒಂದೆರಡು ದಿನ ನೀರು ಗೋಡೆಯ ಹತ್ತಿರ ಬೀಳುವುದನ್ನು ಸಹಿಸಿಕೊಳ್ಳಬೇಕು.

ಬಿರುಗಾಳಿ ಮಳೆಯಲ್ಲಿ ವಿದ್ಯುತ್ ಹೋಗುವುದು ಸಾಮಾನ್ಯವಾದ್ದರಿಂದ ಮುಂದೆ ಬ್ಯಾಟರಿಯ ಎರಡನೇ ಪಂಪು ಹಾಕುವಿರಾದರೆ, ಎರಡಕ್ಕೂ ಬೇರೆ ಬೇರೆ ಚೆಕ್ ವಾಲ್ವ್ ಇಟ್ಟು, ಅವುಗಳ ಮೇಲೆ ಎರಡು ಇಂಚಿನ ಪೈಪಿಗೆ ಕೂಡಿಸಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಹಳೆಯ ಮನೆಯ ಸೆಲ್ಲರಿನಲ್ಲಿ ಅಕ್ಟೋಬರ್ ಮಳೆಗೆ ಒಂದು ಅಡಿ ನೀರು ನಿಲ್ಲುತ್ತದೆ. ಪ್ಲಂಬರ್ ಪಂಪಿನ ಪೈಪನ್ನು ಶೌಚಾಲಯದ ಚೇಂಬರಿಗೆ ಕೊಟ್ಟಿದ್ದಾರೆ. ಸರಿಯೇ?

ಉತ್ತರ: ಸರಿಯಲ್ಲ. ಬೆಂಗಳೂರಿನಲ್ಲಿ ಒಳಚರಂಡಿಯ ಜಾಲ ಬೇರೆ, ಮಳೆನೀರಿನ ಚರಂಡಿಯ ಜಾಲ ಬೇರೆ. ನಿಮ್ಮ ಪೈಪು ಎರಡನೆಯದಕ್ಕೆ ಹೋಗಬೇಕು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ನಿಮ್ಮ ಅಂಗಳಕ್ಕಿಂತ ಎತ್ತರವಾಗಿದ್ದರೆ, ತುಂಬಿದ ಚರಂಡಿಯ ನೀರು ಪೈಪಿನಲ್ಲಿ ಹಿಂದಕ್ಕೆ ನುಗ್ಗುತ್ತದೆ. ಆದ್ದರಿಂದ ಪೈಪನ್ನು ಮೊದಲು ರಸ್ತೆಯ ಮಟ್ಟಕ್ಕಿಂತ ಮೇಲೇರಿಸಿ, ಎನ್‌ಆರ್‌ವಿ (ಮೇಲೆ ಹೇಳಿದ ಚೆಕ್ ವಾಲ್ವೇ) ಹಾಕಿ, ಆಮೇಲೆ ಚರಂಡಿಗೆ ಇಳಿಸಿ. ಇಂಗುಗುಂಡಿಗೆ ಬಿಡುವ ಯೋಚನೆಯಿದ್ದರೆ ಅದು ಸೆಲ್ಲರಿನ ಗೋಡೆಯಿಂದ ಸಾಧ್ಯವಾದಷ್ಟು ದೂರವಿರಲಿ. ಬಿಸಿಲಿಗೆ ತೆರೆದುಕೊಂಡ ಪಿವಿಸಿ ಕ್ರಮೇಣ ಪೆಡಸಾಗುವುದರಿಂದ ಹೊರಗಿನ ಭಾಗಕ್ಕೆ ಬಣ್ಣ ಬಳಿಸಿ.