ದುಡ್ಡಿನ ಮಾತು: 860 ಪರ್ಸೆಂಟ್ ಡಿವಿಡೆಂಡ್ ನಿಜಾನಾ?

ಪ್ರಶ್ನೆ: ಸರ್, ಕೊಬ್ಬರಿ ಮಾರಿದ ನಾಲ್ಕು ಲಕ್ಷ ಕೈಯಲ್ಲಿದೆ. ಎಫ್‌ಡಿ ಇಡೋಣ ಅಂತಿದ್ದೆ. ಇನ್ಫೊಸಿಸ್ 860 ಪರ್ಸೆಂಟ್ ಡಿವಿಡೆಂಡ್ ಕೊಟ್ಟಿದೆ, ಷೇರು ತಗೊಳ್ಳಿ ಅಂತಾರೆ ನಮ್ಮ ಅಳಿಯ. ಅದರಲ್ಲಿ ಮನೆ ಖರ್ಚು ನಡೆಯುತ್ತಾ?
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಅಳಿಯ ಸುಳ್ಳು ಹೇಳಿಲ್ಲ. ಡಿವಿಡೆಂಡ್ ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಆದರೆ ಈ ಪರ್ಸೆಂಟ್ ಲೆಕ್ಕ ಹಾಕುವುದು ನೀವು ಕೊಟ್ಟ ದುಡ್ಡಿನ ಮೇಲಲ್ಲ, ಷೇರಿನ ಮುಖಬೆಲೆಯ ಮೇಲೆ, ಅಂದರೆ ಷೇರಿಗೆ ಕಂಪನಿ ನಮೂದಿಸಿದ ಮೂಲ ಬೆಲೆಯ ಮೇಲೆ. ಇನ್ಫೊಸಿಸ್ ಷೇರಿನ ಮುಖಬೆಲೆ ಬರೀ 5 ರೂಪಾಯಿ. 2024-25ಕ್ಕೆ ಅದು ಎರಡು ಕಂತಿನಲ್ಲಿ ಕೊಟ್ಟಿದ್ದು 21 ಮತ್ತು 22, ಒಟ್ಟು 43 ರೂಪಾಯಿ. 5 ರೂಪಾಯಿಗೆ 43 ಅಂದರೆ 860 ಪರ್ಸೆಂಟ್. ಷೇರು 1,500 ರೂಪಾಯಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ, ನಾಲ್ಕು ಲಕ್ಷಕ್ಕೆ 266 ಷೇರು ಬರುತ್ತದೆ, ವರ್ಷಕ್ಕೆ ಕೈಗೆ ಬರುವುದು ಹನ್ನೊಂದೂವರೆ ಸಾವಿರದ ಹತ್ತಿರ. ತಿಂಗಳಿಗೆ ಸಾವಿರವೂ ಆಗಲಿಲ್ಲ, ಅಲ್ವಾ? ಎಫ್‌ಡಿಯಲ್ಲಿ ಇದರ ಎರಡರಷ್ಟು ಬಡ್ಡಿ ಸಿಗುತ್ತದೆ. ಮನೆ ಖರ್ಚಿಗೆ ಅಂತಾದರೆ ಷೇರು ಬೇಡ.

ಮತ್ತೆ ಜನ ಯಾಕೆ ತಗೊಳ್ಳುತ್ತಾರೆ ಅಂದರೆ, ಡಿವಿಡೆಂಡ್ ಬೆಳೆಯುತ್ತದೆ ಅಂತ. 2019-20ರಲ್ಲಿ ಇದೇ ಕಂಪನಿ ಕೊಟ್ಟಿದ್ದು 17.50 ರೂಪಾಯಿ. 2020ರ ಜನವರಿಯಲ್ಲಿ 750ರ ಆಸುಪಾಸಿನಲ್ಲಿ ತಗೊಂಡು ಸುಮ್ನೆ ಕೂತವರಿಗೆ ಈ 43 ರೂಪಾಯಿ ಅಂದರೆ ಹಾಕಿದ ದುಡ್ಡಿನ ಮೇಲೆ ನೂರಕ್ಕೆ ಐದೂಮುಕ್ಕಾಲು ಬಿದ್ದ ಹಾಗಾಯಿತು. ಎಫ್‌ಡಿ ಬಡ್ಡಿ ಹೀಗೆ ಏರುವುದಿಲ್ಲ. ಷೇರಿನಲ್ಲೂ ಏರಲೇಬೇಕು ಅಂತೇನಿಲ್ಲ, ಅದು ಬೇರೆ ಮಾತು.

ಒಂದೇ ವರ್ಷದ ಅಂಕಿ ನೋಡಿ ಮರುಳಾಗಬೇಡಿ. 2023-24ರಲ್ಲಿ ಇನ್ಫೊಸಿಸ್ 46 ಕೊಟ್ಟಿತ್ತು, ಮರುವರ್ಷ 43. ಇಳಿಯಿತು ಅಂತ ಕಾಣುತ್ತದೆ, ಆದರೆ ಆ 46ರಲ್ಲಿ 8 ರೂಪಾಯಿ ವಿಶೇಷ ಡಿವಿಡೆಂಡ್. ಅದು ಕೊಬ್ಬರಿಗೆ ಒಂದು ವರ್ಷ ಸಿಕ್ಕ ಬಂಪರ್ ಬೆಲೆ ಇದ್ದ ಹಾಗೆ, ಮುಂದಿನ ವರ್ಷದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಲಾಭದಲ್ಲಿ ಎಷ್ಟು ಪಾಲು ಹಂಚುತ್ತಿದ್ದಾರೆ ಅಂತಲೂ ನೋಡಿ. 2024-25ರಲ್ಲಿ ಷೇರೊಂದಕ್ಕೆ ಸುಮಾರು 64 ರೂಪಾಯಿ ಲಾಭ ಬಂದು 43 ಹಂಚಿದ್ದಾರೆ, ಪರವಾಗಿಲ್ಲ. ಗಳಿಸಿದ್ದಕ್ಕಿಂತ ಜಾಸ್ತಿ ಹಂಚುವ ಕಂಪನಿ ಕಂಡರೆ ದೂರ ಇರಿ.

ಬೆಲೆಗೆ ಹೋಲಿಸಿದರೆ ಡಿವಿಡೆಂಡ್ ತುಂಬಾ ಜಾಸ್ತಿ ಕಂಡಾಗಲೂ ಹುಷಾರು. ಎಷ್ಟೋ ಸಲ ಷೇರಿನ ಬೆಲೆ ಬಿದ್ದಿರುವುದರಿಂದಲೇ ಅದು ಹಾಗೆ ಕಾಣುತ್ತದೆ. ಕೋಲ್ ಇಂಡಿಯಾ 2010ರಲ್ಲಿ 245 ರೂಪಾಯಿಗೆ ಷೇರು ಹಂಚಿತು, ಕೈತುಂಬಾ ಡಿವಿಡೆಂಡೂ ಕೊಟ್ಟಿತು, ಆದರೂ 2020ರಲ್ಲಿ ಷೇರು 150ಕ್ಕಿಂತ ಕೆಳಗಿತ್ತು. ಆಮೇಲೆ ಚೇತರಿಸಿಕೊಂಡಿತು ನಿಜ. ಹತ್ತು ವರ್ಷ ಆದಮೇಲೆ ಅಸಲೇ ಕರಗಿದ್ದನ್ನು ನೋಡಿಕೊಂಡು ನೀವು ಕೂರುತ್ತಿದ್ರಾ?

ನಾನಾಗಿದ್ದರೆ ಮೂರು ಲಕ್ಷ ಎಫ್‌ಡಿಗೆ ಹಾಕಿ, ಉಳಿದದ್ದನ್ನು ಬೇರೆ ಬೇರೆ ವ್ಯಾಪಾರದ ನಾಲ್ಕೈದು ಕಂಪನಿಗೆ ಹಂಚುತ್ತಿದ್ದೆ. ಇನ್ಫೊಸಿಸ್ಸನ್ನೇ ತಗೊಳ್ಳಿ ಅಂತ ಹೇಳುತ್ತಿಲ್ಲ, ನೀವು ಕೇಳಿದ್ದಕ್ಕೆ ಅದರ ಲೆಕ್ಕ ಕೊಟ್ಟೆ.

ಪ್ರಶ್ನೆ: ಡಿವಿಡೆಂಡಿಗೆ ಒಂದು ದಿನ ಮುಂಚೆ ಷೇರು ಕೊಂಡು, ದುಡ್ಡು ಗ್ಯಾರಂಟಿ ಆದಮೇಲೆ ಮಾರಿದರೆ ಲಾಭ ಅಲ್ವಾ?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಈ ಐಡಿಯಾ ಎಲ್ಲರಿಗೂ ಬರುತ್ತದೆ, ಮಾರುಕಟ್ಟೆಗೂ ಗೊತ್ತು. ಡಿವಿಡೆಂಡ್ ಹಕ್ಕು ಕಳಚಿದ ದಿನ (ಅವತ್ತಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲ) ಷೇರಿನ ಬೆಲೆ ಸಾಮಾನ್ಯವಾಗಿ ಅಷ್ಟೇ ಮೊತ್ತ ಇಳಿದು ಶುರುವಾಗುತ್ತದೆ. ಮೇಲೆ ಬ್ರೋಕರೇಜ್ ಬೇರೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೇ ಸೇರುತ್ತದೆ, ನಿಮ್ಮ ಸ್ಲ್ಯಾಬಿನ ತೆರಿಗೆ ಬೀಳುತ್ತದೆ. ಒಂದೇ ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಅವರೇ ನೂರಕ್ಕೆ ಹತ್ತು ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಡುತ್ತಾರೆ. ನಿಮಗೆ ತೆರಿಗೆಯೇ ಬರುವುದಿಲ್ಲ ಅಂದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಪ್ರಶ್ನೆ: ತೀರಿಹೋದ ತಂದೆಯ ಟ್ರಂಕಿನಲ್ಲಿ ಹಳೇ ಕಾಗದದ ಷೇರು ಸಿಕ್ಕಿವೆ. ಡಿವಿಡೆಂಡ್ ಯಾವತ್ತೂ ತಗೊಂಡ ಹಾಗಿಲ್ಲ. ಎಲ್ಲಾ ಹೋಯ್ತಾ?
– ಓದುಗರು, ಮಧುಗಿರಿ

ಉತ್ತರ: ಹೋಗಿಲ್ಲ. ಸತತ ಏಳು ವರ್ಷ ಡಿವಿಡೆಂಡ್ ಯಾರೂ ಪಡೆಯದಿದ್ದರೆ ಆ ದುಡ್ಡು ಮತ್ತು ಷೇರು ಎರಡೂ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತವೆ. ವಾರಸುದಾರರು ಅಲ್ಲಿಂದ ವಾಪಸ್ ಕೇಳಬಹುದು. ಮೊದಲು ಕಂಪನಿಗೆ ಫೋಲಿಯೊ ನಂಬರ್ ಕೊಟ್ಟು ಬರೆಯಿರಿ, ಮರಣ ಪ್ರಮಾಣಪತ್ರ, ವಾರಸುದಾರಿಕೆ ಕಾಗದ ರೆಡಿ ಇಟ್ಟುಕೊಳ್ಳಿ, ನಿಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆ (ಕಾಗದವಿಲ್ಲದೆ ಷೇರು ಇಡುವ ಖಾತೆ) ತೆರೆಯಿರಿ. ಅರ್ಧ ಪಾಲು ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂತ ಫೋನ್ ಮಾಡುವವರಿಗೆ ಮಾತ್ರ ಮೂಲ ಸರ್ಟಿಫಿಕೇಟ್ ಕೊಡಬೇಡಿ.